ಯಾರ ಆಯಸ್ಸನ್ನೂ ಯಾರೂ ತಿನ್ನುವುದಿಲ್ಲ

ದೊಡ್ಡವ್ವ,

ಇತ್ತ ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯ ಅಂದುಕೊಂಡು ಬರೆಯುವ ಹಾಗಿಲ್ಲ. ರಾತ್ರಿ ಊಟ ಬಿಟ್ಟಿದ್ದೀಯಂತೆ. ಬಿಪಿ ಮಾತ್ರೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ನುಂಗಿಯಾಯಿತು ಅನ್ನುತ್ತೀಯಂತೆ. ಅತ್ತಿಗೆ ಹೇಳಿದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಹೆದರಿಕೊಂಡು ಹೇಳಿದಳು, ಚಾಡಿಗಲ್ಲ.

ಯಾಕೆ ಹೀಗೆ ಮಾಡುತ್ತಿದ್ದೀಯ ಅನ್ನುವುದು ನನಗೆ ಗೊತ್ತು. ಅಕ್ಕನ ತಿಥಿಯ ದಿನ ಪಂಕ್ತಿಯಲ್ಲಿ ಒಬ್ಬಾಕೆ ಆಡಿದ ಮಾತು ನನ್ನ ಕಿವಿಗೆ ಬಿದ್ದಂತೆ ನಿನ್ನ ಕಿವಿಗೂ ಬಿತ್ತು. ‘ಮುದುಕಿ ಗಟ್ಟಿಯಾಗೇ ಕೂತವ್ಳೆ, ಮಗಳ ಆಯಸ್ಸನ್ನೂ ಇವಳೇ ತಿಂದ್ಕೊಂಡ್ಳು.’ ಎಲೆಯ ಮೇಲಿದ್ದ ನಿನ್ನ ಕೈ ಅಲ್ಲೇ ನಿಂತಿತು. ಅವತ್ತಿನಿಂದ ನೀನು ಹಸಿವಾಗಿ ಉಂಡಿಲ್ಲ. ಉಣ್ಣುವುದೇ ತಪ್ಪೇನೋ ಅನ್ನುವ ಹಾಗೆ ತಟ್ಟೆಯ ಮುಂದೆ ಕೂರುತ್ತೀಯ.

ಇದನ್ನೆಲ್ಲ ಫೋನಿನಲ್ಲಿ ಹೇಳಲು ಹೋದರೆ ‘ಸರಿ ಕಣವ್ವ, ಇಡ್ತೀನಿ’ ಅಂದುಬಿಡುತ್ತೀಯ. ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಒಂದೇ ಸಲಕ್ಕೆ ಓದಬೇಕೆಂದಿಲ್ಲ, ಕಣ್ಣು ಸೋತರೆ ಮಡಿಸಿಟ್ಟು ನಾಳೆ ಓದು. ನಿನಗೆ ಒಬ್ಬ ಅಜ್ಜಿಯ ವಿಷಯ ಹೇಳಬೇಕು. ಇದರಲ್ಲಿ ನಾನು ಕಟ್ಟಿದ್ದು ಏನೂ ಇಲ್ಲ. ಆಕೆಯ ಊರಿನ ಕಚೇರಿಯಲ್ಲಿ ಹುಟ್ಟು, ಮದುವೆ, ಸಾವು ಎಲ್ಲಕ್ಕೂ ಕಾಗದವಿದೆ.

ಹೆಸರು ಜೀನ್ ಕಾಲ್ಮೆಂಟ್. ಫ್ರಾನ್ಸ್ ದೇಶದ ದಕ್ಷಿಣಕ್ಕೆ, ರೋನ್ ಅನ್ನುವ ಹೊಳೆಯ ದಂಡೆಯಲ್ಲಿ ಆರ್ಲ್ ಅನ್ನುವ ಊರು. ಅಲ್ಲಿ 1875ರ ಫೆಬ್ರವರಿ 21ರಂದು ಹುಟ್ಟಿದಳು. ಅದು ಎಷ್ಟು ಹಿಂದಿನ ಕಾಲ ಗೊತ್ತೇ? ನಿಮ್ಮಜ್ಜಿ ಹೇಳುತ್ತಿದ್ದರಲ್ಲ, ಜನ ಕತ್ತಾಳೆ ಗೆಡ್ಡೆ ಕಿತ್ತು ತಿಂದರು ಅಂತ, ಆ ಧಾತು-ಈಶ್ವರ ಬರ ನಮ್ಮ ಮೈಸೂರು ಸೀಮೆಗೆ ಬಂದಾಗ ಈಕೆ ತೊದಲು ಮಾತಾಡುವ ಕೂಸು. ಈಕೆ ಹುಟ್ಟಿದಾಗ ಟೆಲಿಫೋನು ಇರಲಿಲ್ಲ. ಪ್ಯಾರಿಸ್ಸಿನ ಐಫೆಲ್ ಗೋಪುರ ಎದ್ದು ನಿಂತಾಗ ಹದಿನಾಲ್ಕು ತುಂಬಿತ್ತು. ಈಕೆ ಕಣ್ಣು ಮುಚ್ಚಿದ್ದು 1997ರ ಆಗಸ್ಟ್ 4ರಂದು. ಒಟ್ಟು 122 ವರ್ಷ 164 ದಿನ. ಕಾಗದಪತ್ರದ ಆಧಾರವಿರುವ ಮಟ್ಟಿಗೆ ಇಷ್ಟು ಕಾಲ ಬದುಕಿದ ಮನುಷ್ಯರು ಭೂಮಿಯ ಮೇಲೆ ಇನ್ನೊಬ್ಬರಿಲ್ಲ. 120 ದಾಟಿದವಳೂ ಈಕೆ ಒಬ್ಬಳೇ.

ನಮ್ಮಲ್ಲೂ ನೂರಿಪ್ಪತ್ತು ವರ್ಷ ಬದುಕಿದವರಿದ್ದಾರೆ ಅನ್ನುತ್ತಾರೆ, ನಿಜವೂ ಇರಬಹುದು. ಆದರೆ ನಿನ್ನದನ್ನೇ ನೋಡು. ಆಧಾರ್ ಕಾರ್ಡಿನಲ್ಲಿ ನೀನು ಜನವರಿ 1ಕ್ಕೆ ಹುಟ್ಟಿದವಳು, ನಿಮ್ಮವ್ವ ಹೇಳಿದ ಪ್ರಕಾರ ಒಕ್ಕಣೆಯ ಕಾಲದಲ್ಲಿ, ವರ್ಷ ಯಾವುದೋ. ಆರ್ಲ್ ಊರಿನವರು ಮಗು ಹುಟ್ಟಿದ್ದನ್ನು ಆಗಲೇ ಬರೆದಿಟ್ಟರು, ಆಮೇಲೆ ಜನಗಣತಿಯ ಪಟ್ಟಿಗಳಲ್ಲೂ ಅವಳ ಹೆಸರು ಬರುತ್ತಾ ಹೋಯಿತು. ಮಿಷೆಲ್ ಅಲಾರ್, ವಿಕ್ಟರ್ ಲೆಬ್ರ್, ಝಾನ್-ಮಾರಿ ರೋಬಿನ್ ಎಂಬ ಮೂವರು ಅಜ್ಜಿಯ ಎದುರು ಕೂತು ಹಳೆಯದನ್ನೆಲ್ಲ ಕೇಳಿ, ಅದನ್ನು ಆ ಕಾಗದಗಳ ಜೊತೆ ಇಟ್ಟು ತಾಳೆ ನೋಡಿದರು. ಹಾಗಾಗಿ ನಮಗೆ ಇವತ್ತು ಇಷ್ಟು ತಿಳಿದಿದೆ.

ಉಳ್ಳವರ ಮನೆಯ ಹೆಣ್ಣು. ಅಪ್ಪ ಹಡಗು ಕಟ್ಟಿಸುವವನು. ಇಪ್ಪತ್ತೊಂದನೇ ವರ್ಷಕ್ಕೆ, 1896ರಲ್ಲಿ, ಸಂಬಂಧದಲ್ಲೇ ಮದುವೆಯಾಯಿತು. ಗಂಡ ಫೆರ್ನಾಂನದು ದೊಡ್ಡ ಬಟ್ಟೆ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಮನೆಗೆಲಸಕ್ಕೆ ಆಳುಗಳಿದ್ದರು. ಹೊಟ್ಟೆಪಾಡಿಗೆಂದು ಒಂದು ದಿನವೂ ದುಡಿಯಬೇಕಾಗಲಿಲ್ಲ. ಟೆನಿಸ್ ಆಡಿದಳು, ಈಜಿದಳು, ಪಿಯಾನೊ ನುಡಿಸಿದಳು, ಗಂಡನ ಜೊತೆ ಬೇಟೆಗೆ ಹೋದಳು, ಸೈಕಲ್ ಹೊಡೆದಳು. ನೂರು ವರ್ಷದವರೆಗೂ ಸೈಕಲ್ ಹೊಡೆದಳಂತೆ! ನೀನು ಹದಿನಾಲ್ಕಕ್ಕೇ ನಾಟಿಗೆ ಇಳಿದವಳು. ಸೊಂಟ ಬಗ್ಗಿಸಿದವಳು ಮತ್ತೆ ನೆಟ್ಟಗೆ ನಿಂತದ್ದು ಯಾವಾಗಲೋ. ಆದ್ದರಿಂದ ಆಕೆಯ ಬದುಕನ್ನೂ ನಿನ್ನದನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ. ಎಲ್ಲಿ ಹಾಕಬಹುದೋ ಅದನ್ನಷ್ಟೇ ಹೇಳುತ್ತೇನೆ.

ಅವಳಿಗೂ ಒಬ್ಬಳೇ ಮಗಳು. ಹೆಸರು ಇವೊನ್, ಹುಟ್ಟಿದ್ದು 1898ರ ಜನವರಿ 19. ಸೈನ್ಯದ ಅಧಿಕಾರಿಯೊಬ್ಬನಿಗೆ ಕೊಟ್ಟು ಮದುವೆ ಮಾಡಿದರು. 1926ರ ಕೊನೆಯಲ್ಲಿ ಗಂಡುಮಗುವಾಯಿತು, ಫ್ರೆಡೆರಿಕ್. ಆಮೇಲೆ ಇವೊನ್‌ಗೆ ಎದೆಯ ರೋಗ ಅಂಟಿತು. ಆಗ ಅದಕ್ಕೆ ನಾಟುವ ಔಷಧವೇ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ರೋಗಿಗಳ ಕೈಗೆ ಬರಲು ಇನ್ನೂ ಹತ್ತು ವರ್ಷದ ಮೇಲೆ ಬೇಕಿತ್ತು. 1934ರ ಜನವರಿ 19ರಂದು, ಹುಟ್ಟಿದ ದಿನವೇ, ಮೂವತ್ತಾರು ತುಂಬಿದ ದಿನವೇ ಹೋದಳು. ಅವತ್ತು ಜೀನಜ್ಜಿಗೆ ಐವತ್ತೆಂಟು ವರ್ಷ, ಏಳು ವರ್ಷದ ಮೊಮ್ಮಗ ಮಡಿಲಲ್ಲಿ.

ಅಷ್ಟಕ್ಕೇ ನಿಲ್ಲಲಿಲ್ಲ. 1942ರಲ್ಲಿ ಗಂಡ ಹೋದ. ಕೆಟ್ಟ ಚೆರ್ರಿ ಹಣ್ಣು ತಿಂದು ವಿಷವಾಯಿತು ಅನ್ನುತ್ತಾರೆ. ಮೊಮ್ಮಗನನ್ನು ತಾನೇ ಬೆಳೆಸಿದಳು. ಅವನು ಓದಿ ಡಾಕ್ಟರಾದ. ಅಳಿಯನೂ ಆ ಮನೆಯಲ್ಲೇ ಇದ್ದ. 1962ರಲ್ಲಿ ಅಣ್ಣ ಹೋದ, ತೊಂಬತ್ತೇಳು ವರ್ಷದವನು. 1963ರ ಜನವರಿಯಲ್ಲಿ ಅಳಿಯ. ಅದೇ ವರ್ಷ ಆಗಸ್ಟಿನಲ್ಲಿ ಮೊಮ್ಮಗ, ಕಾರು ಅಪಘಾತದಲ್ಲಿ. ಅವನಿಗೂ ಮೂವತ್ತಾರೇ. ಅವನಿಗೆ ಮಕ್ಕಳಿರಲಿಲ್ಲ. ಎಂಬತ್ತೆಂಟನೆಯ ವಯಸ್ಸಿನಲ್ಲಿ ಜೀನಜ್ಜಿಗೆ ‘ನನ್ನವರು’ ಅನ್ನಲು ಮನೆಯೊಳಗೆ ಒಂದು ಜೀವವೂ ಉಳಿಯಲಿಲ್ಲ. ಅಲ್ಲಿಂದ ಮುಂದೆ ಇನ್ನೂ ಮೂವತ್ನಾಲ್ಕು ವರ್ಷ ಬದುಕಿದಳು ದೊಡ್ಡವ್ವ. ಮಗಳು ಹೋದ ಮೇಲಿನ ಲೆಕ್ಕ ಹಿಡಿದರೆ ಅರವತ್ಮೂರು ವರ್ಷ.

ಆಕೆಯ ಬಗ್ಗೆ ಓದುತ್ತಿದ್ದ ಪುಸ್ತಕವನ್ನು ನಾನು ಇಲ್ಲಿ ಮುಚ್ಚಿಟ್ಟು ನಿನ್ನನ್ನೇ ನೆನೆದೆ. ಆ ಮೂವತ್ನಾಲ್ಕು ವರ್ಷದ ಪ್ರತಿ ಬೆಳಗ್ಗೆ ಆಕೆ ಎದ್ದು ಮುಖ ತೊಳೆಯಬೇಕಿತ್ತಲ್ಲ, ಯಾರಿಗೋಸ್ಕರ ಅಂತ.

ಆಮೇಲಿನದು ಲೋಕವೆಲ್ಲ ನಗುತ್ತಾ ಹೇಳುವ ಸಂಗತಿ. ನನಗೆ ಅದರಲ್ಲಿ ನಗು ಬರುವುದಿಲ್ಲ. ಫ್ರಾನ್ಸಿನಲ್ಲಿ ಒಂದು ಪದ್ಧತಿಯಿದೆ. ವಾರಸುದಾರರಿಲ್ಲದ ಮುದುಕರು ಮನೆಯನ್ನು ಮಾರುತ್ತಾರೆ, ಆದರೆ ಸಾಯುವವರೆಗೆ ಅದರಲ್ಲೇ ಇರುತ್ತಾರೆ. ಕೊಂಡವನು ಅವರು ಬದುಕಿರುವಷ್ಟು ಕಾಲ ತಿಂಗಳು ತಿಂಗಳು ಹಣ ಕೊಡಬೇಕು. ಬೇಗ ಹೋದರೆ ಅವನಿಗೆ ಲಾಭ. 1965ರಲ್ಲಿ ರಾಫ್ರೆ ಎಂಬ ನೋಟರಿ, ನಲವತ್ತೇಳು ವರ್ಷದವನು, ತೊಂಬತ್ತರ ಜೀನಜ್ಜಿಯ ಜೊತೆ ಹೀಗೆ ಕರಾರು ಮಾಡಿಕೊಂಡ. ತಿಂಗಳಿಗೆ 2,500 ಫ್ರಾಂಕ್. ಮೂವತ್ತು ವರ್ಷ ಕಟ್ಟಿದ. 1995ರಲ್ಲಿ ಕ್ಯಾನ್ಸರಿನಿಂದ ಅವನೇ ಹೋದ, ಎಪ್ಪತ್ತೇಳು ವರ್ಷಕ್ಕೆ. ಅಷ್ಟರಲ್ಲಿ ಮನೆಯ ಬೆಲೆಯ ಎರಡರಷ್ಟಕ್ಕಿಂತ ಹೆಚ್ಚು ಕೊಟ್ಟಾಗಿತ್ತು. ಅವನ ಮನೆಯವರು ಮುಂದುವರಿಸಿ ಕಟ್ಟಬೇಕಾಯಿತು.

ರಾಫ್ರೆ ಕೆಟ್ಟವನೇನಲ್ಲ, ಕಾನೂನು ಒಪ್ಪಿದ ವ್ಯವಹಾರ ಮಾಡಿದ, ಮಾತಿಗೆ ತಪ್ಪದೆ ಹಣ ಕೊಟ್ಟ. ಆದರೆ ತನ್ನ ಸಾವಿನ ಮೇಲೆ ಲೆಕ್ಕ ಹಾಕಿದ ಕಾಗದವೊಂದು ಊರಿನಲ್ಲೇ ಇದೆ ಅನ್ನುವುದು ಗೊತ್ತಿದ್ದೂ ಆಕೆ ಬದುಕಿದಳು. ಬದುಕಿದ್ದಕ್ಕೆ ಯಾರ ಕ್ಷಮೆಯನ್ನೂ ಕೇಳಲಿಲ್ಲ. ರಾಫ್ರೆ ಸತ್ತದ್ದು ಅವನ ಕಾಯಿಲೆಯಿಂದ. ಅಜ್ಜಿ ಉಳಿದದ್ದಕ್ಕಲ್ಲ.

ಈಗ ನಾನು ಹೇಳಬೇಕೆಂದಿದ್ದ ಜಾಗಕ್ಕೆ ಬಂದೆ. ಆಕೆ ಸತ್ತು ಇಪ್ಪತ್ತೊಂದು ವರ್ಷವಾದ ಮೇಲೆ, 2018ರಲ್ಲಿ, ರಷ್ಯಾದ ಇಬ್ಬರು ಒಂದು ವಾದ ಎತ್ತಿದರು. ನಿಕೊಲಾಯ್ ಝಾಕ್ ಗಣಿತದವರು, ವಲೇರಿ ನೊವೊಸೆಲೊವ್ ಮುಪ್ಪಿನ ವೈದ್ಯರು. ಇಷ್ಟು ವಯಸ್ಸು ಸಾಧ್ಯವೇ ಇಲ್ಲ, 1934ರಲ್ಲಿ ಸತ್ತದ್ದು ಮಗಳಲ್ಲ, ತಾಯಿಯೇ. ಪಿತ್ರಾರ್ಜಿತದ ತೆರಿಗೆ ತಪ್ಪಿಸಲು ಮಗಳು ತಾಯಿಯ ಹೆಸರಿನಲ್ಲಿ ಉಳಿದಳು. 1997ರಲ್ಲಿ ಸತ್ತದ್ದು ತೊಂಬತ್ತೊಂಬತ್ತು ವರ್ಷದ ಇವೊನ್ ಅಂದರು. ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಅದು ಬಂತು.

ಓದಿದಾಗ ಆ ತಿಥಿಯ ಪಂಕ್ತಿಯೇ ಕಣ್ಣ ಮುಂದೆ ನಿಂತಿತು. ತಾಯಿ ಉಳಿದು ಮಗಳು ಹೋದರೆ, ಮಗಳ ವರ್ಷಗಳು ತಾಯಿಯ ಲೆಕ್ಕಕ್ಕೆ ಸೇರಿವೆ ಅಂದು ಬಿಡಲು ನಮ್ಮೂರಿನ ಒಂದು ನಾಲಿಗೆಗೆ ಎಷ್ಟು ಸುಲಭವಾಯಿತೋ, ಓದಿದ ದೊಡ್ಡವರಿಗೂ ಅಷ್ಟೇ ಸುಲಭವಾಗಿ ಹೊಳೆಯಿತು. ಸಂಶಯ ಪಡುವುದು ತಪ್ಪಲ್ಲ, ವಿಜ್ಞಾನ ನಡೆಯುವುದೇ ಹಾಗೆ. ಆದರೆ ಆ ವಾದ ನಿಜವಾಗಬೇಕಾದರೆ ಏನೇನಾಗಬೇಕಿತ್ತು ಯೋಚಿಸು. ಫೆರ್ನಾಂ ಎಂಟು ವರ್ಷ ತನ್ನ ಮಗಳನ್ನೇ ಹೆಂಡತಿ ಅಂತ ಊರಿಗೆ ತೋರಿಸಿಕೊಂಡು ಬಾಳಬೇಕಿತ್ತು. ಏಳು ವರ್ಷದ ಹುಡುಗ ಹೆತ್ತವ್ವನನ್ನು ಒಂದೇ ದಿನದಲ್ಲಿ ಅಜ್ಜಿ ಅನ್ನಲು ಕಲಿತು, ಸಾಯುವವರೆಗೂ ಬಾಯಿ ತಪ್ಪದೆ ಇರಬೇಕಿತ್ತು. ಪೇಟೆಯ ನಡುವೆ ಅಂಗಡಿ ಇಟ್ಟ ಮನೆತನ. ಬಟ್ಟೆ ಕೊಳ್ಳಲು ಬಂದವರು, ನೆರೆಯವರು, ಪಾದ್ರಿ, ಮನೆಯಾಳುಗಳು, ಎಲ್ಲರೂ ಕಣ್ಣು ಮುಚ್ಚಿಕೊಳ್ಳಬೇಕಿತ್ತು. 2019ರಲ್ಲಿ ರೋಬಿನ್, ಅಲಾರ್ ಮತ್ತು ಅವರ ಜೊತೆಗಾರರು ಊರಿನ ದಾಖಲೆಗಳನ್ನು ಮತ್ತೆ ತೆಗೆದು ಉತ್ತರ ಬರೆದರು. ಆಕೆ ಜೀನ್ ಕಾಲ್ಮೆಂಟೇ ಎಂಬುದು ಅವರ ನಿರ್ಣಯ. ದಾಖಲೆ ಇಡುವ ಸಂಸ್ಥೆಗಳು ಆಕೆಯ ಹೆಸರನ್ನು ಪಟ್ಟಿಯಿಂದ ತೆಗೆದಿಲ್ಲ. ನನಗಂತೂ ಆ ತಾಯಿಯ ಮಾತೇ ನಿಜ ಅನ್ನಿಸುತ್ತದೆ.

ಹಾಗಾದರೆ ಅಷ್ಟು ಆಯಸ್ಸು ಎಲ್ಲಿಂದ ಬಂತು? ಪತ್ರಕರ್ತರು ಪ್ರತಿ ಹುಟ್ಟುಹಬ್ಬಕ್ಕೆ ಬಂದು ಅದನ್ನೇ ಕೇಳುತ್ತಿದ್ದರು. ಆಲಿವ್ ಎಣ್ಣೆ ಅಂದರು, ಚಾಕೊಲೇಟ್ ಅಂದರು. ವಾರಕ್ಕೆ ಒಂದು ಕೆಜಿ ಚಾಕೊಲೇಟ್ ತಿನ್ನುತ್ತಿದ್ದುದೂ ಉಂಟಂತೆ. ಊಟದ ಮೇಲೆ ಒಂದು ಸಿಗರೇಟು, ಒಂದು ಗುಟುಕು ವೈನು. ಸಿಗರೇಟು ಬಿಟ್ಟದ್ದು 117ಕ್ಕೆ. ಅದನ್ನು ಕೇಳಿ ಸೇದಲು ಹೊರಟವನು ಐವತ್ತಕ್ಕೇ ಹೋದಾನು. ನಿಜವೆಂದರೆ ಅಪ್ಪ ತೊಂಬತ್ತು ದಾಟಿದ್ದ, ಅವ್ವ ಎಂಬತ್ತಾರು ಬದುಕಿದ್ದಳು, ಅಣ್ಣ ತೊಂಬತ್ತೇಳು. ರಕ್ತದಲ್ಲೇ ಏನೋ ಇತ್ತು. ಹಸಿವಿನ ಕಾಟ ಇರಲಿಲ್ಲ, ಮೈ ಮುರಿಯುವ ಕೆಲಸ ಇರಲಿಲ್ಲ. ಮಿಕ್ಕಿದ್ದು ಅದೃಷ್ಟ. ಅದೇ ರಕ್ತದ ಮಗಳು ಮೂವತ್ತಾರಕ್ಕೆ ಹೋದಳು, ಅವಳನ್ನು ಆ ರಕ್ತ ಕಾಯಲಿಲ್ಲ. ಆಯಸ್ಸು ಹಗೇವಿನ ರಾಗಿಯಲ್ಲ ದೊಡ್ಡವ್ವ, ಒಬ್ಬರು ಮೊಗೆದುಕೊಂಡರೆ ಇನ್ನೊಬ್ಬರಿಗೆ ಕಮ್ಮಿ ಬೀಳುವುದಕ್ಕೆ.

ಅಕ್ಕನಿಗೆ ಏನಾಯಿತು ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಸುಗ್ಗಿ ಮುಗಿಯಲಿ, ಮಗನ ಪರೀಕ್ಷೆ ಮುಗಿಯಲಿ ಅಂತ ಕಾಲ ದೂಡಿದಳು. ಆಸ್ಪತ್ರೆಗೆ ಹೋದಾಗ ಅದು ಬೆನ್ನುಮೂಳೆಗೆ ಹಬ್ಬಿತ್ತು. ಡಾಕ್ಟರು ಸ್ಕ್ಯಾನನ್ನು ಬೆಳಕಿಗೆ ಹಿಡಿದು ತೋರಿಸಿದಾಗ ಪಕ್ಕದಲ್ಲಿ ನಾನಿದ್ದೆ. ಅದರಲ್ಲಿ ಎಲ್ಲಿಯೂ ನೀನು ಇರಲಿಲ್ಲ. ನೀನು ಇದ್ದದ್ದು ಅವಳ ಮಂಚದ ಪಕ್ಕ. ರಾತ್ರಿಯಿಡೀ ಕಾಲು ಒತ್ತುತ್ತಾ, ಗಂಜಿಯನ್ನು ಚಮಚದಲ್ಲಿ ಹಾಕುತ್ತಾ ಇದ್ದೆ. ಅವಳನ್ನು ಉಳಿಸಲು ನಿನ್ನ ವರ್ಷಗಳನ್ನು ಕೊಡುವಂತಿದ್ದರೆ ಆ ಮೊದಲ ರಾತ್ರಿಯೇ ಎಲ್ಲವನ್ನೂ ಕೊಟ್ಟುಬಿಡುತ್ತಿದ್ದೆ. ಕೊಡಲು ಬಾರದ್ದನ್ನು ಕಿತ್ತುಕೊಳ್ಳಲೂ ಬರುವುದಿಲ್ಲ.

ಜೀನಜ್ಜಿ ಮುಂದೆ ಹೇಗಿದ್ದಳು ಅನ್ನುವುದನ್ನು ಹೇಳಿ ಮುಗಿಸುತ್ತೇನೆ, ನಿನಗೆ ಇಷ್ಟವಾದೀತು. ನೂರಹತ್ತು ವರ್ಷದವರೆಗೂ ಒಬ್ಬಳೇ ಮನೆ ನಡೆಸಿದಳು. 1985ರಲ್ಲಿ ವೃದ್ಧಾಶ್ರಮಕ್ಕೆ ಸೇರಿದಳು. ಅಲ್ಲಿ ಬೆಳಗ್ಗೆ ಆರೂಮುಕ್ಕಾಲಕ್ಕೆ ಏಳುತ್ತಿದ್ದಳು. ಕಿಟಕಿಯ ಹತ್ತಿರ ನಿಂತು, ಇವತ್ತೂ ಬದುಕಿಸಿದ್ದೀಯಪ್ಪ ಅಂತ ದೇವರಿಗೆ ದೀರ್ಘವಾಗಿ ಪ್ರಾರ್ಥನೆ ಮಾಡುತ್ತಿದ್ದಳು. ಕುರ್ಚಿಯಲ್ಲಿ ಕೂತೇ ಕೈಕಾಲಿಗೆ ವ್ಯಾಯಾಮ. ತನ್ನ ಮೈಯನ್ನು ತಾನೇ ಒರೆಸಿಕೊಂಡು, ಮುಖಕ್ಕೆ ಆಲಿವ್ ಎಣ್ಣೆ ಸವರಿ ಪೌಡರು ಹಾಕಿಕೊಳ್ಳುತ್ತಿದ್ದಳು. ಊಟಕ್ಕೆ ಮೊದಲು ತನ್ನ ಲೋಟ, ಚಮಚ ತಾನೇ ತೊಳೆದಿಡುತ್ತಿದ್ದಳು. ಬಾಳೆಹಣ್ಣು, ಕಿತ್ತಳೆ ಹೆಚ್ಚಿ ದಿನಾ ರಸಾಯನ ಮಾಡಿಕೊಳ್ಳುತ್ತಿದ್ದಳು. ಮಧ್ಯಾಹ್ನ ನಿದ್ದೆ ತೆಗೆದೆದ್ದು ಅಕ್ಕಪಕ್ಕದ ಕೋಣೆಗೆ ಹೋಗಿ, ರೇಡಿಯೋದಲ್ಲಿ ಕೇಳಿದ ಸುದ್ದಿಯನ್ನು ಅಲ್ಲಿಯವರಿಗೆ ಹೇಳುತ್ತಿದ್ದಳು. ಆ ಕೋಣೆಗಳವರೆಲ್ಲ ಅವಳಿಗಿಂತ ಎಷ್ಟೋ ಚಿಕ್ಕವರು. ಸುದ್ದಿ ತಂದು ಕೊಡುತ್ತಿದ್ದವಳು ಮಾತ್ರ ಈಕೆ.

ಕಷ್ಟ ಇರಲಿಲ್ಲ ಅಂತಲ್ಲ. ಕಣ್ಣಿಗೆ ಪೊರೆ ಬಂದು ಹೆಚ್ಚುಕಡಿಮೆ ಕುರುಡಾದಳು, ಕಿವಿ ಹೋಯಿತು. 1990ರ ಜನವರಿಯಲ್ಲಿ, 115 ತುಂಬಲು ತಿಂಗಳಿರುವಾಗ, ಬಿದ್ದು ತೊಡೆಮೂಳೆ ಮುರಿಯಿತು. ಆ ವಯಸ್ಸಿನಲ್ಲಿ ಆಪರೇಷನ್ ಮಾಡಿ ಜೋಡಿಸಿದರು. ಅಲ್ಲಿಂದ ಗಾಲಿಕುರ್ಚಿ. ಆದರೂ ಬಂದವರ ಜೊತೆ ಮಾತಾಡುವುದನ್ನು ಬಿಡಲಿಲ್ಲ. ವ್ಯಾನ್ ಗೋ ಎಂಬ ದೊಡ್ಡ ಚಿತ್ರಕಾರ 1888ರಲ್ಲಿ ಆ ಊರಿನಲ್ಲಿ ಇದ್ದ. ಅವನನ್ನು ಹುಡುಗಿಯಾಗಿದ್ದಾಗ ನೋಡಿದ್ದೆ, ಕೊಳಕು ಬಟ್ಟೆಯ, ಸಿಡುಕಿನ ಮನುಷ್ಯ ಅಂತ ನೂರು ವರ್ಷದ ಮೇಲೆ ಹೇಳಿದಳು. ಜಗತ್ತು ತಲೆಮೇಲೆ ಹೊತ್ತವನ ಬಗ್ಗೆ ತನ್ನ ಅನಿಸಿಕೆಯನ್ನು ಮುಚ್ಚಿಡಲಿಲ್ಲ. ನನಗೆ ಅದು ಬಹಳ ಹಿಡಿಸಿತು.

ಮಗಳನ್ನು ಮರೆತಿದ್ದರಿಂದ ಆಕೆ ಹೀಗೆ ಇದ್ದಳು ಅಂತ ನಾನು ನಂಬುವುದಿಲ್ಲ. ಮಗಳು ಬಿಟ್ಟುಹೋದ ಏಳು ವರ್ಷದ ಹುಡುಗ ಬೆಳಗ್ಗೆ ಎದ್ದರೆ ಹಾಲು ಕೇಳುತ್ತಿದ್ದ, ಸ್ಕೂಲಿಗೆ ಹೋಗಬೇಕಿತ್ತು. ಆ ಹುಡುಗನಿಗಾಗಿ ಆಕೆ ಏಳಲೇಬೇಕಾಯಿತು, ಅಲ್ಲಿಂದ ಏಳುವುದು ರೂಢಿಯಾಯಿತು ಅಂತ ನನ್ನ ಊಹೆ.

ನಿನಗೂ ಅಂಥವನೊಬ್ಬ ಇದ್ದಾನೆ. ಇಪ್ಪತ್ಮೂರು ವರ್ಷದ ಗಂಡಸಾಗಿರಬಹುದು, ಕೆಲಸಕ್ಕೆ ಹೋಗುತ್ತಿರಬಹುದು. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಅವ್ವ ಮಾಡುತ್ತಿದ್ದ ಹುರುಳಿ ಬಸ್ಸಾರು ನಿನಗೆ ಮಾಡಲು ಬರುತ್ತಾ ಅಂತ ನನ್ನನ್ನು ಕೇಳಿದ. ಮಾಡಿದೆ, ಉಂಡ, ಆ ರುಚಿ ಬರಲಿಲ್ಲ ಅನ್ನುವುದು ಮುಖದಲ್ಲಿ ಕಂಡಿತು. ಅದನ್ನು ಅಕ್ಕನಿಗೆ ಕಲಿಸಿದವಳು ನೀನು. ಆಮೇಲೆ ತಲೆ ತಗ್ಗಿಸಿ, ‘ಅಜ್ಜಿ ನನ್ನ ಫೋನು ಎತ್ತಲ್ಲ ಚಿಕ್ಕಿ, ನನ್ನ ಮೇಲೆ ಏನಾದ್ರೂ ಬೇಜಾರಾ?’ ಅಂದ. ನೀನು ಅವನಿಗೆ ಮುಖ ತೋರಿಸಲು ಹೆದರುತ್ತಿದ್ದೀಯ. ಅವ್ವ ಹೋದಳು, ಈ ಮುದುಕಿ ಉಳಿದಳು ಅಂತ ಅವನೂ ಅಂದುಕೊಂಡಾನು ಅಂತ. ಅವನೋ, ಅವ್ವನ ಹಾಗೆ ಅಜ್ಜಿಯೂ ತನ್ನನ್ನು ಬಿಟ್ಟಳು ಅಂತ ತಿಳಿದಿದ್ದಾನೆ.

ಅವನು ಸಣ್ಣವನಿದ್ದಾಗ ಹೇಗಿದ್ದ, ಅಕ್ಕ ಹುಡುಗಿಯಾಗಿದ್ದಾಗ ಹೇಗಿದ್ದಳು, ಮೊದಲ ಸಲ ಬಸುರಿಯಾದಾಗ ಏನು ತಿನ್ನಲು ಕೇಳಿದಳು ಅನ್ನುವುದೆಲ್ಲ ಈಗ ನಿನ್ನೊಬ್ಬಳಿಗೇ ಗೊತ್ತು. ನನಗೆ ಅದರಲ್ಲಿ ಅರ್ಧವೂ ಗೊತ್ತಿಲ್ಲ.

ಮಾತ್ರೆಯನ್ನು ಸೆರಗಿನಿಂದ ಬಿಚ್ಚಿ ನುಂಗು. ರಾತ್ರಿ ಅರ್ಧ ಮುದ್ದೆಯಾದರೂ ಉಣ್ಣು. ಬರುವ ಭಾನುವಾರ ಬೆಳಗ್ಗೆ ಹತ್ತಕ್ಕೆ ಅವನು ಅತ್ತಿಗೆಯ ನಂಬರಿಗೆ ಫೋನು ಮಾಡುತ್ತಾನೆ, ಹೇಳಿ ಇಟ್ಟಿದ್ದೇನೆ. ಎತ್ತು ದೊಡ್ಡವ್ವ, ಎತ್ತಿ ಅವನ ಜೊತೆ ಮಾತಾಡು.

ಇಂತಿ ನಿನ್ನ ತಂಗಿಯ ಮಗಳು